ಚೀಟಿ ಇಲ್ಲದೆ ಒಂದು ಉಸಿರು: ಮೈನ್ ರಾಜ್ಯದ ನಲಾಕ್ಸೋನ್ ಪ್ರಕರಣ

ಅಫೀಮು ವರ್ಗದ ಔಷಧ ಮಿತಿಮೀರಿ ಮೈಗೆ ಸೇರಿದಾಗ ಮನುಷ್ಯ ನರಳುವುದಿಲ್ಲ, ಕೂಗುವುದಿಲ್ಲ. ನಿದ್ದೆ ಹೋದಂತೆ ಕಾಣುತ್ತಾನೆ. ಉಸಿರಾಟ ನಿಮಿಷಕ್ಕೆ ಹತ್ತಕ್ಕೆ ಇಳಿಯುತ್ತದೆ, ಆಮೇಲೆ ಆರಕ್ಕೆ, ಆಮೇಲೆ ಮೂರಕ್ಕೆ. ಗಂಟಲಲ್ಲಿ ಗೊರಗೊರ ಸದ್ದು ಬರುತ್ತದೆ. ತುಟಿ ಮತ್ತು ಉಗುರು ನೀಲಿಗಟ್ಟುತ್ತವೆ. ಪಕ್ಕದ ಕೋಣೆಯಲ್ಲಿರುವ ತಾಯಿ ಆ ಸದ್ದನ್ನು ಗೊರಕೆಯೆಂದು ತಿಳಿದು, ಪಾಪ ದಣಿದಿದ್ದಾನೆ ಎಂದುಕೊಂಡು ದೀಪ ಆರಿಸಬಹುದು. ಉಸಿರು ಪೂರ್ತಿ ನಿಂತ ಮೇಲೆ ಮೆದುಳಿಗೆ ಉಳಿಯುವ ಅವಧಿ ನಾಲ್ಕೈದು ನಿಮಿಷ.

ಆ ಹೊತ್ತಿನಲ್ಲಿ ಕೈಗೆ ಸಿಕ್ಕಬೇಕಾದ ಔಷಧ ಇದೆ, ಅದು ಹೊಸದೂ ಅಲ್ಲ. ಅಮೆರಿಕದಲ್ಲಿ ನಲಾಕ್ಸೋನ್‌ಗೆ ಪರವಾನಗಿ ಸಿಕ್ಕಿದ್ದು 1971ರಲ್ಲಿ. ಮೆದುಳಿನಲ್ಲಿ ಅಫೀಮಿನ ಅಣುಗಳು ಕೂರುವ ಜಾಗದಿಂದ ಅವುಗಳನ್ನು ಎಬ್ಬಿಸಿ ತಾನು ಕುಳಿತುಕೊಳ್ಳುವುದಷ್ಟೇ ಅದರ ಕೆಲಸ. ಎರಡು ಮೂರು ನಿಮಿಷದಲ್ಲಿ ಉಸಿರು ಮರಳುತ್ತದೆ. ಅದರ ಪ್ರಭಾವ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಇರುತ್ತದೆ, ಅಷ್ಟರಲ್ಲಿ ಆಂಬುಲೆನ್ಸ್ ಬರಬೇಕು. ಅಫೀಮು ವರ್ಗದ ಏನನ್ನೂ ತೆಗೆದುಕೊಳ್ಳದವರಿಗೆ ತಪ್ಪಿ ಕೊಟ್ಟರೆ ಏನೂ ಆಗುವುದಿಲ್ಲ. ಅದರಿಂದ ಅಮಲೇರುವುದಿಲ್ಲ, ಚಟ ಹತ್ತುವುದಿಲ್ಲ. ವ್ಯಸನಿಗೆ ಕೊಟ್ಟರಂತೂ ಎಚ್ಚರವಾಗುವುದು ಬೆವರು, ವಾಂತಿ ಮತ್ತು ಮೈಕೈ ಸೆಳೆತದ ನಡುವೆ. ಯಾರೂ ಸುಖಕ್ಕಾಗಿ ಬಯಸುವ ಔಷಧ ಅದಲ್ಲ.

ಇಷ್ಟು ನಿರಪಾಯದ ಔಷಧ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಮನೆಯ ಬಾಗಿಲಿಗೆ ಬರಲಿಲ್ಲ. ಅಡ್ಡ ನಿಂತದ್ದು ವೈದ್ಯರ ಚೀಟಿ. ಆ ಅಡ್ಡಿಯನ್ನು ತೆಗೆಯಲು ಹೊರಟ ಒಂದು ಸಣ್ಣ ರಾಜ್ಯದ ಕಥೆಯನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಶಾಸನಸಭೆ ಒಪ್ಪಿಗೆ ಕೊಟ್ಟ ಮೇಲೂ ಔಷಧ ಕೌಂಟರ್ ದಾಟಲು ಅಲ್ಲಿ ಎರಡು ವರ್ಷ ಬೇಕಾಯಿತು. ಆ ಎರಡು ವರ್ಷಗಳ ಬಗ್ಗೆ ಬರೆಯಲೆಂದೇ ಈ ಪ್ರಕರಣವನ್ನು ಆರಿಸಿಕೊಂಡಿದ್ದೇನೆ.

ಚೀಟಿ ಯಾರ ಹೆಸರಿಗೆ?

ಹನ್ನೊಂದು ವರ್ಷ ನಾನು ತಾಲ್ಲೂಕು ಕೇಂದ್ರವೊಂದರ ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್ ಆಗಿದ್ದೆ. ಭಾನುವಾರ ಸಂಜೆ ಉಬ್ಬಸದ ಪಂಪ್ ಬೇಕೆಂದು ಚೀಟಿಯಿಲ್ಲದೆ ಬಂದವರನ್ನು ಕಂಡಿದ್ದೇನೆ. ಕೊಡಬಾರದು ಎನ್ನುವ ನಿಯಮ ಒಂದು ಕಿವಿಯಲ್ಲಿ, ಅವರ ಎದೆಯ ಸೀಟಿ ಇನ್ನೊಂದು ಕಿವಿಯಲ್ಲಿ. ಆ ಇಕ್ಕಟ್ಟು ಗೊತ್ತಿರುವುದರಿಂದಲೇ ಚೀಟಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ವೈದ್ಯರು ರೋಗಿಯನ್ನು ನೋಡುತ್ತಾರೆ, ಅವರ ಹೆಸರಿಗೆ ಬರೆಯುತ್ತಾರೆ, ನಾವು ಅವರಿಗೇ ಕೊಡುತ್ತೇವೆ. ಆ್ಯಂಟಿಬಯಾಟಿಕ್‌ಗಳನ್ನು ಕಡಲೆಪುರಿಯ ಹಾಗೆ ಮಾರಿದ್ದರ ಫಲವನ್ನು ನಾವು ಇಂದು ಉಣ್ಣುತ್ತಿದ್ದೇವೆ.

ಆದರೆ ನಲಾಕ್ಸೋನ್ ವಿಷಯದಲ್ಲಿ ಈ ಸರಪಣಿಯ ಪ್ರತಿ ಕೊಂಡಿಯೂ ತಲೆಕೆಳಗಾಗುತ್ತದೆ. ಔಷಧ ಬೇಕಾದವನಿಗೆ ಆ ಹೊತ್ತಿನಲ್ಲಿ ಪ್ರಜ್ಞೆ ಇರುವುದಿಲ್ಲ. ಅವನು ಅದನ್ನು ತಾನೇ ತೆಗೆದುಕೊಳ್ಳಲಾರ. ಅದನ್ನು ಕೊಡಬೇಕಾದವರು ಅಮ್ಮ, ಹೆಂಡತಿ, ಕೋಣೆ ಹಂಚಿಕೊಂಡ ಗೆಳೆಯ. ಇವರಿಗೆ ಕಾಯಿಲೆ ಇಲ್ಲ, ಹಾಗಾಗಿ ಇವರ ಹೆಸರಿಗೆ ಚೀಟಿ ಇಲ್ಲ. ಮಗನ ಹೆಸರಿಗೆ ಬರೆಸಬೇಕೆಂದರೆ ಮಗ ವೈದ್ಯರ ಮುಂದೆ ಕುಳಿತು ‘ನಾನು ಹೆರಾಯಿನ್ ತೆಗೆದುಕೊಳ್ಳುತ್ತೇನೆ’ ಎಂದು ಹೇಳಬೇಕು. ಅಷ್ಟು ಹೇಳಬಲ್ಲ ಧೈರ್ಯ ಬಂದವನು ಅರ್ಧ ದಾರಿ ಗುಣವಾಗಿರುತ್ತಾನೆ. ಹೇಳಲಾರದವನಿಗೇ ಈ ಔಷಧ ಹೆಚ್ಚು ಬೇಕಾಗಿರುವುದು.

ಇದನ್ನು ಬಿಡಿಸಲು ಅಮೆರಿಕದ ರಾಜ್ಯಗಳು ಹಿಡಿದ ದಾರಿಗಳು ಮುಖ್ಯವಾಗಿ ಎರಡು. ಮೊದಲನೆಯದು ಸ್ಥಾಯಿ ಆದೇಶ. ಒಬ್ಬ ವೈದ್ಯರು, ಸಾಮಾನ್ಯವಾಗಿ ರಾಜ್ಯದ ಅಥವಾ ನಗರದ ಆರೋಗ್ಯಾಧಿಕಾರಿ, ಹೆಸರಿಲ್ಲದ ಒಂದು ಚೀಟಿ ಬರೆಯುತ್ತಾರೆ, ಅದು ಕೇಳಿ ಬಂದವರೆಲ್ಲರಿಗೂ ಅನ್ವಯಿಸುತ್ತದೆ. ಬಾಲ್ಟಿಮೋರ್ ನಗರದ ಆರೋಗ್ಯಾಧಿಕಾರಿ ಡಾ. ಲೀನಾ ವೆನ್ 2015ರ ಅಕ್ಟೋಬರ್‌ನಲ್ಲಿ ಇಡೀ ನಗರಕ್ಕೆ ಹೀಗೆ ಬರೆದರು. ಅದೇ ತಿಂಗಳು ಪೆನ್ಸಿಲ್ವೇನಿಯಾದಲ್ಲಿ ಡಾ. ರೇಚಲ್ ಲೆವಿನ್ ಇಡೀ ರಾಜ್ಯಕ್ಕೆ ಬರೆದರು. ಎರಡನೆಯ ದಾರಿ ಇನ್ನೂ ನೇರ: ಔಷಧ ಕೊಡುವ ಅಧಿಕಾರವನ್ನು ಫಾರ್ಮಸಿಸ್ಟ್‌ಗೇ ಕೊಡುವುದು. ಕೇಳುವುದಕ್ಕೆ ಎರಡೂ ಒಂದೇ ಎನಿಸುತ್ತದೆ. ಒಂದೇ ಅಲ್ಲ, ಆ ಮಾತು ಮುಂದೆ ಬರುತ್ತದೆ.

ಮೈನ್

ಅಮೆರಿಕದ ಈಶಾನ್ಯ ಮೂಲೆಯಲ್ಲಿ, ಕೆನಡಾಕ್ಕೆ ಅಂಟಿಕೊಂಡಿರುವ ರಾಜ್ಯ ಮೈನ್. ವಿಸ್ತಾರದಲ್ಲಿ ಕರ್ನಾಟಕದ ಅರ್ಧಕ್ಕೆ ತುಸು ಕಡಿಮೆ, ಜನಸಂಖ್ಯೆ ಮಾತ್ರ ಸುಮಾರು 14 ಲಕ್ಷ. ಅಂದರೆ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ ಇರುವುದಕ್ಕಿಂತ ತುಸು ಹೆಚ್ಚು ಜನರನ್ನು ಕರ್ನಾಟಕದ ಅರ್ಧದಷ್ಟು ನೆಲದಲ್ಲಿ ಹರಡಿದ ಹಾಗೆ. ಕಾಡು, ಕಾಗದದ ಗಿರಣಿ, ಕಡಲತೀರದಲ್ಲಿ ಲಾಬ್‌ಸ್ಟರ್ ಹಿಡಿಯುವ ದೋಣಿಗಳು. ಮರ ಕಡಿಯುವವರು, ಬಲೆ ಎಳೆಯುವವರು, ಬೆನ್ನುನೋವು ಸೊಂಟನೋವು ದಿನದ ಸಂಗಾತಿಯಾದವರು. 1990ರ ದಶಕದ ಕೊನೆಯಲ್ಲಿ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆ ಬಂದಾಗ ಅದು ಮೊದಲು ಬೇರು ಬಿಟ್ಟ ಪ್ರದೇಶಗಳಲ್ಲಿ ಮೈನ್‌ನ ಪೂರ್ವ ತುದಿಯ ವಾಷಿಂಗ್ಟನ್ ಕೌಂಟಿಯೂ ಒಂದು. 2000ದ ಫೆಬ್ರುವರಿಯಲ್ಲೇ ಅಲ್ಲಿನ ಫೆಡರಲ್ ಪ್ರಾಸಿಕ್ಯೂಟರ್ ಜೇ ಮೆಕ್ಲೋಸ್ಕಿ ರಾಜ್ಯದ ವೈದ್ಯರಿಗೆಲ್ಲ ಪತ್ರ ಬರೆದು ಈ ಮಾತ್ರೆಯ ದುರ್ಬಳಕೆಯ ಬಗ್ಗೆ ಎಚ್ಚರಿಸಿದ್ದರು.

ಮುಂದಿನದು ಅಮೆರಿಕದ ಎಲ್ಲ ಕಡೆಯ ಕಥೆಯೇ. ಮಾತ್ರೆ ದುಬಾರಿಯಾಯಿತು, ಸಿಗುವುದು ಕಷ್ಟವಾಯಿತು. ಜನ ಹೆರಾಯಿನ್‌ಗೆ ಹೊರಳಿದರು. ಆಮೇಲೆ ಹೆರಾಯಿನ್‌ನೊಳಗೆ ಫೆಂಟನಿಲ್ ಬೆರೆಯಿತು. ಅದು ಉಪ್ಪಿನ ಕೆಲವೇ ಕಾಳಿನಷ್ಟಿದ್ದರೂ ಕೊಲ್ಲುತ್ತದೆ. ಮೈನ್‌ನಲ್ಲಿ ಮಾದಕ ವಸ್ತುಗಳಿಂದ ಸತ್ತವರು 2015ರಲ್ಲಿ 272. ಮರುವರ್ಷ 376, ದಿನಕ್ಕೆ ಒಬ್ಬರಿಗಿಂತ ಹೆಚ್ಚು. ಅಷ್ಟು ಸಣ್ಣ ರಾಜ್ಯದಲ್ಲಿ ಇದರ ಅರ್ಥ, ತನಗೆ ಗೊತ್ತಿರುವ ಒಬ್ಬರನ್ನಾದರೂ ಕಳೆದುಕೊಳ್ಳದ ಊರು ಉಳಿಯಲಿಲ್ಲ ಎಂದು.

ನಲಾಕ್ಸೋನ್ ಬಗ್ಗೆ ಅಲ್ಲಿನ ಶಾಸನಸಭೆ 2013ರಿಂದಲೇ ಮಾತನಾಡುತ್ತಿತ್ತು. ಆ ವರ್ಷದ ಮಸೂದೆಯನ್ನು ಗವರ್ನರ್ (ಅಲ್ಲಿ ಜನರೇ ಆರಿಸುವ ಸರ್ಕಾರದ ಮುಖ್ಯಸ್ಥ) ಪಾಲ್ ಲಪಾಜ್ ತಿರಸ್ಕರಿಸಿದರು. ಔಷಧ ಹತ್ತಿರ ಇದೆಯೆಂದರೆ ವ್ಯಸನಿಗಳಿಗೆ ಸುಳ್ಳು ಧೈರ್ಯ ಬರುತ್ತದೆ ಎಂಬುದು ಅವರ ವಾದ. 2014ರ ಕಾನೂನು ಸ್ವಲ್ಪ ಬಾಗಿಲು ತೆರೆಯಿತು. ವೈದ್ಯರು ಮನೆಯವರ ಹೆಸರಿಗೂ ಬರೆಯಬಹುದು, ಪೊಲೀಸರು ಮತ್ತು ಅಗ್ನಿಶಾಮಕ ಸಿಬ್ಬಂದಿ ಬಳಿ ಅದು ಇರಬಹುದು ಎಂದಾಯಿತು. ಚೀಟಿ ಮಾತ್ರ ಹಾಗೆಯೇ ಉಳಿಯಿತು.

2016ರ ಏಪ್ರಿಲ್

ಫಾರ್ಮಸಿಸ್ಟ್‌ಗಳು ಚೀಟಿ ಇಲ್ಲದೆ ನಲಾಕ್ಸೋನ್ ಕೊಡಬಹುದು ಎನ್ನುವ ಮಸೂದೆಯನ್ನು ತಂದವರು ಪ್ರತಿನಿಧಿ ಸಾರಾ ಗಿಡಿಯನ್. ಎರಡೂ ಸದನಗಳಲ್ಲಿ ಅದಕ್ಕೆ ಹೇಳಿಕೊಳ್ಳುವಂಥ ವಿರೋಧವೇ ಬರಲಿಲ್ಲ. ಏಪ್ರಿಲ್ 20ರಂದು ಗವರ್ನರ್ ಅದನ್ನು ತಿರಸ್ಕರಿಸಿ ಒಂದು ಪತ್ರ ಬರೆದರು. ಅದರಲ್ಲಿನ ಒಂದು ವಾಕ್ಯ ದೇಶವಿಡೀ ಸುತ್ತಿತು: ನಲಾಕ್ಸೋನ್ ನಿಜವಾಗಿ ಜೀವ ಉಳಿಸುವುದಿಲ್ಲ, ಮುಂದಿನ ಓವರ್‌ಡೋಸ್‌ವರೆಗೆ ಅದನ್ನು ಎಳೆಯುತ್ತದೆ ಅಷ್ಟೇ.

ಈ ಮಾತನ್ನು ನಾನು ಎಷ್ಟು ಸಲ ಓದಿದರೂ ಕೌಂಟರ್ ಮುಂದೆ ನಿಂತ ಒಬ್ಬ ಅಮ್ಮನ ಮುಖ ನೆನಪಾಗುತ್ತದೆ. ಮುಂದಿನ ಓವರ್‌ಡೋಸ್‌ವರೆಗೆ ಎಂದರೆ ಎಷ್ಟು ದಿನ? ಒಂದು ವಾರ ಇರಬಹುದು, ಹತ್ತು ವರ್ಷ ಇರಬಹುದು. ಆ ನಡುವೆ ಮಗ ಚಿಕಿತ್ಸೆಗೆ ಸೇರಬಹುದು. ಸಕ್ಕರೆ ಕಾಯಿಲೆಯವರಿಗೆ ಕೊಡುವ ಇನ್ಸುಲಿನ್ ಕೂಡ ಮುಂದಿನ ಇಂಜೆಕ್ಷನ್‌ವರೆಗೆ ಜೀವವನ್ನು ಎಳೆಯುತ್ತದೆ. ಅದಕ್ಕಾಗಿ ಯಾರೂ ಇನ್ಸುಲಿನ್ ಬೇಡವೆಂದಿಲ್ಲ.

ಆದರೂ ಲಪಾಜ್ ಅವರನ್ನು ಬರಿಯ ಕಟುಕರೆಂದು ಬರೆದು ಮುಗಿಸುವುದು ನ್ಯಾಯವಲ್ಲ. ಬಡತನದಲ್ಲಿ, ಹೊಡೆಯುವ ತಂದೆಯ ಮನೆಯಲ್ಲಿ ಹುಟ್ಟಿ, ಹನ್ನೊಂದನೆಯ ವಯಸ್ಸಿಗೆ ಮನೆ ಬಿಟ್ಟು ಲೂಯಿಸ್ಟನ್ ಪಟ್ಟಣದ ಬೀದಿಯಲ್ಲಿ ಬೆಳೆದವರು ಅವರು. ಕಷ್ಟವೇ ಮನುಷ್ಯನನ್ನು ತಿದ್ದುತ್ತದೆ ಎಂಬ ನಂಬಿಕೆ ಅವರಿಗೆ ಜೀವನದಿಂದ ಬಂದದ್ದು. ಅದೇ ಏಪ್ರಿಲ್‌ನಲ್ಲಿ, ವೈದ್ಯರು ಬರೆಯಬಹುದಾದ ಅಫೀಮು ವರ್ಗದ ನೋವುಮಾತ್ರೆಗಳಿಗೆ ದೇಶದಲ್ಲೇ ಅತಿ ಬಿಗಿಯಾದ ಮಿತಿಗಳಲ್ಲೊಂದನ್ನು ಹಾಕುವ ಕಾನೂನಿಗೆ ಅವರೇ ಸಹಿ ಹಾಕಿದರು. ಮಾತ್ರೆ ಹರಿದು ಬರುವ ದಾರಿ ಮುಚ್ಚಬೇಕು ಎಂಬುದು ಅವರಿಗೆ ಕಾಣುತ್ತಿತ್ತು. ಈಗಾಗಲೇ ಚಟಕ್ಕೆ ಬಿದ್ದವನು ದಾರಿ ಮುಚ್ಚಿದ ಮೇಲೆ ಎಲ್ಲಿಗೆ ಹೋಗುತ್ತಾನೆ ಎಂಬುದು ಕಾಣಲಿಲ್ಲ.

ಏಪ್ರಿಲ್ 29ರಂದು ಶಾಸನಸಭೆ ದೊಡ್ಡ ಬಹುಮತದಿಂದ ತಿರಸ್ಕಾರವನ್ನು ಬದಿಗೊತ್ತಿತು. ಗವರ್ನರ್ ಅವರ ಸ್ವಂತ ಪಕ್ಷದವರೂ ಮಸೂದೆಯ ಪರವಾಗಿ ಮತ ಹಾಕಿದರು. ಸುದ್ದಿಮನೆಗಳು ‘ಇನ್ನು ಚೀಟಿ ಬೇಡ’ ಎಂಬ ಧಾಟಿಯಲ್ಲಿ ಬರೆದವು.

ಕೆಲವೇ ದಿನಗಳಲ್ಲಿ ಗವರ್ನರ್ ಒಂದು ಸಾರ್ವಜನಿಕ ಸಭೆಯಲ್ಲಿ ಪೋರ್ಟ್‌ಲ್ಯಾಂಡ್‌ನ ಹೈಸ್ಕೂಲ್ ಹುಡುಗನೊಬ್ಬನ ಕಥೆ ಹೇಳಿದರು: ಒಂದೇ ವಾರದಲ್ಲಿ ಮೂರು ಸಲ ಅವನಿಗೆ ಈ ಔಷಧ ಕೊಡಬೇಕಾಯಿತು, ಮೂರನೆಯ ಸಲ ಎದ್ದು ಸೀದಾ ತರಗತಿಗೆ ಹೋದ. ಅಂಥದ್ದು ನಡೆದೇ ಇಲ್ಲ ಎಂದು ಆ ಶಾಲೆಯ ಪ್ರಾಂಶುಪಾಲರೂ ನಗರದ ಪೊಲೀಸ್ ಮುಖ್ಯಸ್ಥರೂ ಹೇಳಿದರು. ಗವರ್ನರ್ ಮಾತು ಹಿಂತೆಗೆದುಕೊಳ್ಳಲಿಲ್ಲ. ಇಂಥ ಕಥೆಗಳು ಸುಳ್ಳೆಂದು ತಿಳಿದ ಮೇಲೂ ಜನರ ನಾಲಿಗೆಯ ಮೇಲೆ ಉಳಿಯುತ್ತವೆ. ಮುಂದೆ ನಿಯಮ ಬರೆಯುವ ಮೇಜಿನ ಸುತ್ತಲೂ ಅದೇ ಗಾಳಿ ಇತ್ತು ಎಂಬುದು ನನ್ನ ಅನಿಸಿಕೆ.

ಕಾನೂನು ಇದೆ, ನಿಯಮ ಇಲ್ಲ

ಈ ಪ್ರಕರಣದ ಗಂಟು ಇರುವುದು ಇಲ್ಲಿ. 2016ರ ಕಾನೂನು ಫಾರ್ಮಸಿಸ್ಟ್‌ಗೆ ನೇರವಾಗಿ ‘ನಾಳೆಯಿಂದ ಕೊಡು’ ಎಂದು ಹೇಳಲಿಲ್ಲ. ಯಾರಿಗೆ ಕೊಡಬೇಕು, ಏನು ತರಬೇತಿ ಬೇಕು, ಯಾವ ದಾಖಲೆ ಇಡಬೇಕು ಎಂಬ ನಿಯಮಗಳನ್ನು ರಾಜ್ಯದ ಫಾರ್ಮಸಿ ಮಂಡಳಿ ರಚಿಸಬೇಕು ಎಂದು ಹೇಳಿತು. ಕಾನೂನು ಬರೆಯುವವರಿಗೆ ಇದು ಮಾಮೂಲಿ ವಾಕ್ಯ. ವಿವರಗಳನ್ನು ಬಲ್ಲವರಿಗೆ ಬಿಡುವುದು ವಿವೇಕವೂ ಹೌದು. ಆದರೆ ಮಂಡಳಿಯ ಸದಸ್ಯರನ್ನು ನೇಮಿಸುವವರು ಯಾರು? ಗವರ್ನರ್. ಸದನದಲ್ಲಿ ಸೋತ ವಿರೋಧ ನಿಯಮಾವಳಿಯ ಕೋಣೆಗೆ ಹಿಂಬಾಗಿಲಿಂದ ಬರಲು ಆ ಒಂದು ವಾಕ್ಯ ಸಾಕಾಯಿತು.

ತಿಂಗಳುಗಳು ಉರುಳಿದವು. ಕಾನೂನಿನ ಮಾತು ಸ್ಪಷ್ಟವಾಗಿಲ್ಲ ಎಂಬ ತಕರಾರು ಬಂತು. 2017ರಲ್ಲಿ ಶಾಸನಸಭೆ ಮತ್ತೆ ಕೂತು ಅದನ್ನು ಬಿಡಿಸಿ ಬರೆಯಬೇಕಾಯಿತು. ಮಂಡಳಿ ಕರಡು ನಿಯಮ ಮಾಡಿತು. ಅದರಲ್ಲಿ ಕೊಳ್ಳುವವರ ವಯಸ್ಸು 18 ಎಂದಿತ್ತು. ಗವರ್ನರ್ ಕಡೆಯಿಂದ ಒತ್ತಾಯ ಬಂದ ಮೇಲೆ ಅದು 21 ಆಯಿತು.

ಹದಿನೆಂಟಕ್ಕೂ ಇಪ್ಪತ್ತೊಂದಕ್ಕೂ ನಡುವೆ ಮೂರು ವರ್ಷ ಅಷ್ಟೇ ಅಲ್ಲವೇ ಎನಿಸಬಹುದು. ಆ ಮೂರು ವರ್ಷಗಳಲ್ಲಿ ಯಾರಿದ್ದಾರೆ ಎಂದು ನೋಡಬೇಕು. ಕಾಲೇಜು ವಸತಿನಿಲಯದ ಹುಡುಗರಿದ್ದಾರೆ. ಮನೆ ಬಿಟ್ಟು ಮೊದಲ ಕೆಲಸಕ್ಕೆ ಸೇರಿ ನಾಲ್ವರು ಸೇರಿ ಬಾಡಿಗೆ ಹಿಡಿದವರಿದ್ದಾರೆ. ವ್ಯಸನಿ ತಂದೆಯನ್ನು ನೋಡಿಕೊಳ್ಳುವ ಹತ್ತೊಂಬತ್ತರ ಮಗಳಿದ್ದಾಳೆ. ಅವಳಿಗೆ ಮತ ಹಾಕುವ ಹಕ್ಕಿದೆ, ಸೈನ್ಯಕ್ಕೆ ಸೇರುವ ಹಕ್ಕಿದೆ. ಅಪ್ಪನ ಮೂಗಿಗೆ ಔಷಧ ಸಿಂಪಡಿಸಲು ಅದನ್ನು ಕೊಳ್ಳುವ ಹಕ್ಕಿಲ್ಲ. ಪಕ್ಕದಲ್ಲಿರುವವರ ಕೈಗೆ ಔಷಧ ಕೊಡಬೇಕು ಎಂಬುದೇ ಈ ಕಾನೂನಿನ ಮೂಲ ವಿಚಾರ. ಪಕ್ಕದಲ್ಲಿರುವವರು ಎಷ್ಟೋ ಸಲ ಇಪ್ಪತ್ತೊಂದು ದಾಟಿರುವುದಿಲ್ಲ.

ಇದರ ನಡುವೆಯೇ, ಒಂದಕ್ಕಿಂತ ಹೆಚ್ಚು ಸಲ ಬದುಕಿಸಬೇಕಾಗಿ ಬಂದವರಿಂದ ಔಷಧದ ಖರ್ಚು ವಸೂಲಿ ಮಾಡಬೇಕೆಂಬ ಮಸೂದೆಯೂ ಗವರ್ನರ್ ಕಡೆಯಿಂದ ಬಂತು. ಅದು ಕಾನೂನಾಗಲಿಲ್ಲ. ಅತ್ತ ರಾಜ್ಯದ ಅಟಾರ್ನಿ ಜನರಲ್ ಜಾನೆಟ್ ಮಿಲ್ಸ್ ತಮ್ಮ ಕಚೇರಿಗೆ ಮೊಕದ್ದಮೆಗಳ ರಾಜಿಯಿಂದ ಬಂದ ಹಣದಲ್ಲಿ ನಲಾಕ್ಸೋನ್ ಕೊಂಡು ಊರೂರಿನ ಪೊಲೀಸ್ ಠಾಣೆಗಳಿಗೆ ಉಚಿತವಾಗಿ ಹಂಚುತ್ತಿದ್ದರು. ಒಂದೇ ಸರ್ಕಾರದ ಒಂದು ಕೈ ಕೊಡುತ್ತಿತ್ತು, ಇನ್ನೊಂದು ಕೈ ತಡೆಯುತ್ತಿತ್ತು.

2018ರ ಏಪ್ರಿಲ್ ಬಂದಾಗಲೂ ಕೌಂಟರ್‌ಗಳು ಚೀಟಿ ಕೇಳುತ್ತಲೇ ಇದ್ದವು. ವಯಸ್ಸನ್ನು 18ಕ್ಕೆ ಇಳಿಸುವ ಇನ್ನೊಂದು ಮಸೂದೆಯನ್ನು ಶಾಸನಸಭೆ ಪಾಸು ಮಾಡಿತು. ಗವರ್ನರ್ ತಿರಸ್ಕರಿಸಿದರು. ಶಾಸನಸಭೆ ಮತ್ತೆ ಆ ತಿರಸ್ಕಾರವನ್ನು ಬದಿಗೊತ್ತಿತು. ಒಂದೇ ಔಷಧವನ್ನು ಕೌಂಟರ್ ದಾಟಿಸಲು ಎರಡು ಸಲ ಗವರ್ನರ್ ವಿರುದ್ಧ ಮತ ಹಾಕಬೇಕಾಯಿತು.

ಕಾಯುವ ಆ ಕಾಲದಲ್ಲಿ, 2017ರಲ್ಲಿ, ಮೈನ್‌ನ ಸಾವುಗಳು 400 ದಾಟಿದವು. ಅವರಲ್ಲಿ ಎಷ್ಟು ಮಂದಿ ಉಳಿಯುತ್ತಿದ್ದರು ಎಂದು ಲೆಕ್ಕ ಹಾಕಿ ಹೇಳಲು ನಾನು ಹೋಗುವುದಿಲ್ಲ. ಎಷ್ಟೋ ಮಂದಿ ಒಬ್ಬರೇ ಇದ್ದಾಗ, ಬಾಗಿಲು ಹಾಕಿಕೊಂಡ ಕೋಣೆಯಲ್ಲಿ, ಕಾರಿನಲ್ಲಿ ಸಾಯುತ್ತಾರೆ. ಅವರ ಪಾಲಿಗೆ ಯಾವ ಕಾನೂನೂ ಇಲ್ಲ. ಆದರೆ ಪಕ್ಕದಲ್ಲಿ ಯಾರಾದರೂ ಇದ್ದು, ಅವರ ಕೈ ಬರಿದಾಗಿದ್ದ ಮನೆಗಳೂ ಆ ನಾನೂರರಲ್ಲಿ ಇದ್ದೇ ಇರುತ್ತವೆ.

ಅಧಿಕಾರ ಬದಲಾದ ಮೇಲೆ

2019ರ ಜನವರಿಯಲ್ಲಿ ಜಾನೆಟ್ ಮಿಲ್ಸ್ ಗವರ್ನರ್ ಆದರು. ಮೊದಲ ದಿನಗಳ ಆದೇಶದಲ್ಲೇ ಬಡವರ ಆರೋಗ್ಯ ವಿಮೆಯನ್ನು ವಿಸ್ತರಿಸಿದರು. ಫೆಬ್ರುವರಿಯಲ್ಲಿ ಒಪಿಯಾಯ್ಡ್ (ಅಫೀಮು ವರ್ಗದ ಔಷಧ) ಬಿಕ್ಕಟ್ಟಿನ ಬಗ್ಗೆಯೇ ಪ್ರತ್ಯೇಕ ಆದೇಶ ಹೊರಡಿಸಿ, ರಾಜ್ಯದ ಖರ್ಚಿನಲ್ಲಿ ನಲಾಕ್ಸೋನ್ ಕೊಂಡು ಹಂಚುವ ವ್ಯವಸ್ಥೆಗೆ ಚಾಲನೆ ಕೊಟ್ಟರು. ಬ್ಯಾಂಗರ್ ಮತ್ತು ಪೋರ್ಟ್‌ಲ್ಯಾಂಡ್ ನಗರಗಳ ಆರೋಗ್ಯ ಇಲಾಖೆಗಳು, ಮೈನ್ ಆಕ್ಸೆಸ್ ಪಾಯಿಂಟ್ಸ್ ಎಂಬ ಸಂಸ್ಥೆ ಮುಂತಾದವರ ಮೂಲಕ ಔಷಧ ಜನರ ಕೈಗೇ ತಲುಪತೊಡಗಿತು. ಅಂದರೆ ಮೆಡಿಕಲ್ ಶಾಪಿನ ಕೌಂಟರ್ ಅನ್ನು ನಂಬಿ ಕೂರದೆ, ಕೌಂಟರ್‌ಗೆ ಬರಲಾರದವರ ಬಳಿಗೆ ಔಷಧವೇ ಹೋಯಿತು. ಅದೇ ವರ್ಷ, ಸಹಾಯಕ್ಕೆ ಕರೆ ಮಾಡಿದವರ ಮೇಲೆ ಮಾದಕ ವಸ್ತು ಹೊಂದಿದ ಮೊಕದ್ದಮೆ ಹಾಕಬಾರದು ಎಂಬ ‘ಗುಡ್ ಸಮಾರಿಟನ್’ ಕಾನೂನೂ ಬಂತು. ಅಪಘಾತದ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರಿಗೆ ಕಿರುಕುಳ ಕೊಡಬಾರದೆಂದು ನಮ್ಮ ಕರ್ನಾಟಕ 2016ರಲ್ಲಿ ಮಾಡಿದ ಕಾನೂನಿಗೂ ಇದೇ ಹೆಸರು, ಇದೇ ಜೀವಾಳ. ಪೊಲೀಸರ ಭಯಕ್ಕೆ ಜನ ಓಡಿಹೋದರೆ ಬಿದ್ದವನು ಸಾಯುತ್ತಾನೆ.

ಇಷ್ಟೆಲ್ಲ ಆದ ಮೇಲೆ ಸಾವು ಇಳಿಯಿತೇ? ತಕ್ಷಣಕ್ಕೆ ಇಲ್ಲ. 2018ರಲ್ಲಿ 354ಕ್ಕೆ ಇಳಿದದ್ದು 2020ರಲ್ಲಿ ಕೊರೊನಾ ಬಂದು ಜನ ಒಂಟಿಯಾದಾಗ 500 ದಾಟಿತು. 2022ರಲ್ಲಿ 700 ಮೀರಿತು. ನಲಾಕ್ಸೋನ್ ಕಾನೂನಿನಿಂದ ಪ್ರಯೋಜನವಿಲ್ಲ ಎನ್ನುವವರು ಈ ಸಂಖ್ಯೆಯನ್ನೇ ಎತ್ತಿ ತೋರಿಸುತ್ತಾರೆ. ಆದರೆ ಅದೇ ವರ್ಷ ಮೈನ್‌ನಲ್ಲಿ ವರದಿಯಾದ ಒಟ್ಟು ಓವರ್‌ಡೋಸ್‌ಗಳು ಸುಮಾರು 10,000. ಸತ್ತವರು ನೂರಕ್ಕೆ ಏಳರಷ್ಟು, ಉಳಿದವರು ತೊಂಬತ್ತಮೂರು. ಈ ಲೆಕ್ಕವನ್ನು ತಿಂಗಳು ತಿಂಗಳು ಬರೆದಿಡುವವರು ಮೈನ್ ವಿಶ್ವವಿದ್ಯಾಲಯದ ಮಾರ್ಸೆಲ್ಲಾ ಸೋರ್ಗ್ ಮತ್ತು ಅವರ ತಂಡ. ಸತ್ತವರನ್ನು ಎಣಿಸುವುದು ಎಲ್ಲ ಕಡೆ ಇದೆ. ಬದುಕಿದವರನ್ನೂ ಎಣಿಸಿದರೆ ಮಾತ್ರ ಇಂಥ ಕಾನೂನಿನ ಕೆಲಸ ಕಣ್ಣಿಗೆ ಕಾಣುತ್ತದೆ. 2023ರಲ್ಲಿ ಸಾವು 607ಕ್ಕೆ, 2024ರಲ್ಲಿ 490ಕ್ಕೆ ಇಳಿಯಿತು. ಇಳಿತದ ಯಶಸ್ಸನ್ನೆಲ್ಲ ನಲಾಕ್ಸೋನ್ ತಲೆಗೆ ಕಟ್ಟುವುದೂ ತಪ್ಪು. ಆ ಹೊತ್ತಿಗೆ ಇಡೀ ದೇಶದಲ್ಲೇ ಸಾವುಗಳು ಇಳಿಯುತ್ತಿದ್ದವು, ಚಿಕಿತ್ಸೆ ಹಿಗ್ಗಿತ್ತು, ಬೀದಿಯ ಮಾಲೂ ಬದಲಾಗಿತ್ತು.

ಯಾವ ಕಾನೂನು, ಎಂಥ ಕಾನೂನು

ನಲಾಕ್ಸೋನ್ ಸುಲಭವಾಗಿ ಸಿಕ್ಕರೆ ಜನ ಇನ್ನಷ್ಟು ಅಪಾಯಕ್ಕೆ ಕೈಹಾಕುತ್ತಾರೆ ಎಂಬ ವಾದಕ್ಕೆ 2018ರಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರ ಅಧ್ಯಯನದ ಬೆಂಬಲವೂ ಸಿಕ್ಕಿತ್ತು. ಸಾರ್ವಜನಿಕ ಆರೋಗ್ಯದ ಸಂಶೋಧಕರು ಅದರ ವಿಧಾನವನ್ನೇ ಪ್ರಶ್ನಿಸಿದರು. ಅದಕ್ಕೂ ಮೊದಲು, 2013ರಲ್ಲಿ, ಮ್ಯಾಸಚೂಸೆಟ್ಸ್‌ನ ಊರುಗಳನ್ನು ಹೋಲಿಸಿದ ಅಧ್ಯಯನವೊಂದು ಜನರಿಗೆ ನಲಾಕ್ಸೋನ್ ಮತ್ತು ತರಬೇತಿ ಕೊಟ್ಟ ಊರುಗಳಲ್ಲಿ ಸಾವು ಕಡಿಮೆಯಾದದ್ದನ್ನು ತೋರಿಸಿತ್ತು. ತರಬೇತಿ ಪಡೆದವರು ಹೆಚ್ಚಿದ್ದ ಊರಿನಲ್ಲಿ ಇಳಿತವೂ ಹೆಚ್ಚು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು 2019ರಲ್ಲಿ ರಾಹಿ ಅಬೂಕ್, ರೋಸಲಿ ಪಕೂಲಾ ಮತ್ತು ಡೇವಿಡ್ ಪೊವೆಲ್ ಪ್ರಕಟಿಸಿದ ಅಧ್ಯಯನ. ಅವರು ರಾಜ್ಯಗಳ ಕಾನೂನುಗಳನ್ನು ಒಂದೇ ಗಂಟಿನಲ್ಲಿ ಕಟ್ಟದೆ ಬಿಡಿಸಿ ನೋಡಿದರು. ಫಾರ್ಮಸಿಸ್ಟ್‌ಗೆ ನೇರ ಅಧಿಕಾರ ಕೊಟ್ಟ ರಾಜ್ಯಗಳಲ್ಲಿ ಒಪಿಯಾಯ್ಡ್ ಸಾವುಗಳು ಎರಡನೆಯ ವರ್ಷ ಶೇ 27ರಷ್ಟು, ಆಮೇಲಿನ ವರ್ಷಗಳಲ್ಲಿ ಶೇ 34ರಷ್ಟು ಕಡಿಮೆಯಾಗಿದ್ದವು. ಸ್ಥಾಯಿ ಆದೇಶದಂಥ ಸುತ್ತು ದಾರಿ ಹಿಡಿದ ರಾಜ್ಯಗಳಲ್ಲಿ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ.

ಕೌಂಟರ್ ಹಿಂದೆ ನಿಂತವರಿಗೆ ಇದು ಆಶ್ಚರ್ಯವಲ್ಲ. ಎಲ್ಲೋ ಇರುವ ಅಧಿಕಾರಿಯೊಬ್ಬರು ಸಹಿ ಹಾಕಿದ ಆದೇಶ ಅಂಗಡಿಯ ಕಡತದಲ್ಲಿದೆಯೋ ಇಲ್ಲವೋ ಎಂದು ಹುಡುಕಬೇಕು, ಅದರ ಅವಧಿ ಮುಗಿದಿದೆಯೇ ನೋಡಬೇಕು, ಮೇಲಿನವರಿಗೆ ಫೋನ್ ಮಾಡಿ ಕೇಳಬೇಕು. ಇಷ್ಟರಲ್ಲಿ ಸರದಿಯಲ್ಲಿ ಐದು ಜನ ನಿಂತಿರುತ್ತಾರೆ, ಕೇಳಲು ಬಂದವರು ಮೆಲ್ಲಗೆ ಹೊರಗೆ ಹೋಗಿರುತ್ತಾರೆ. ಪೆನ್ಸಿಲ್ವೇನಿಯಾದ ಆದೇಶ ಬಂದು ಸುಮಾರು ಎರಡು ವರ್ಷವಾದ ಮೇಲೆ, 2017ರಲ್ಲಿ, ಫಿಲಡೆಲ್ಫಿಯಾದ 400ಕ್ಕೂ ಹೆಚ್ಚು ಔಷಧದಂಗಡಿಗಳನ್ನು ಸಂಶೋಧಕರು ವಿಚಾರಿಸಿದರು. ಮೂಗಿನ ಸ್ಪ್ರೇ ಇದ್ದದ್ದು ಮೂರರಲ್ಲಿ ಒಂದರಲ್ಲಿ. ಇದ್ದ ಅಂಗಡಿಗಳಲ್ಲೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಡೆ ಚೀಟಿ ಕೇಳಿದರು. ಕಾನೂನು ಚೀಟಿ ಬೇಡವೆಂದಿತ್ತು, ಅಂಗಡಿ ಬೇಕೆಂದಿತು. ನಿಯಮದ ಗೊಂದಲವಿದ್ದಾಗ ಫಾರ್ಮಸಿಸ್ಟ್ ಯಾವಾಗಲೂ ‘ಇಲ್ಲ’ ಎನ್ನುವ ಕಡೆಗೆ ವಾಲುತ್ತಾನೆ. ಕೆಡುಕಿನಿಂದಲ್ಲ, ಪರವಾನಗಿ ಹೋದೀತೆಂಬ ಭಯದಿಂದ. ಆ ಭಯ ನನಗೂ ಇತ್ತು.

ಹಾಗಾಗಿ ಮೈನ್ ಪ್ರಕರಣದಿಂದ ನಾನು ಎತ್ತಿಕೊಳ್ಳುವುದು ಒಂದೇ ವಿಷಯ. ಜೀವ ಉಳಿಸುವ ಔಷಧವನ್ನು ಬಿಡುಗಡೆ ಮಾಡುವ ಕಾನೂನು, ಆ ಬಿಡುಗಡೆಯನ್ನು ಕಾನೂನಿನ ಒಡಲಲ್ಲೇ ಬರೆಯಬೇಕು. ಯಾರು, ಯಾರಿಗೆ, ಎಂದಿನಿಂದ ಎಂಬ ಮೂರು ಮಾತುಗಳನ್ನು ಮಂಡಳಿಗೆ ಬಿಟ್ಟರೆ, ಸದನದಲ್ಲಿ ಸೋತವರು ಮಂಡಳಿಯಲ್ಲಿ ಗೆಲ್ಲುತ್ತಾರೆ.

ಹೆಸರಿನ ಭಯವೂ ಉಳಿದೇ ಇದೆ. 2018ರಲ್ಲಿ ಬಾಸ್ಟನ್‌ನ ನರ್ಸ್ ಒಬ್ಬರಿಗೆ ಜೀವವಿಮೆ ನಿರಾಕರಿಸಲಾಯಿತು. ಕಾರಣ, ಅವರ ಔಷಧದ ದಾಖಲೆಯಲ್ಲಿ ನಲಾಕ್ಸೋನ್ ಇತ್ತು. ಅವರು ಅದನ್ನು ಕೊಂಡದ್ದು ದಾರಿಯಲ್ಲಿ ಯಾರಾದರೂ ಬಿದ್ದಿದ್ದರೆ ಎಬ್ಬಿಸಲೆಂದು. ತಾನೇ ವ್ಯಸನಿಯಲ್ಲ ಎಂದು ಅವರು ಸಾಬೀತು ಮಾಡಬೇಕಾಯಿತು. ಇಂಥ ಒಂದು ಸುದ್ದಿ ಹೊರಬಿದ್ದರೆ ಎಷ್ಟು ಜನ ಕೌಂಟರ್‌ನಿಂದ ಹಿಂದೆ ಸರಿಯುತ್ತಾರೆ ಎಂಬುದನ್ನು ಯಾವ ಅಧ್ಯಯನವೂ ಅಳೆಯಲಾರದು.

ಕಪಾಟಿನ ಮೇಲಿನ ಪೆಟ್ಟಿಗೆ

2023ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ನಾರ್ಕ್ಯಾನ್ ಎಂಬ ಹೆಸರಿನ ನಲಾಕ್ಸೋನ್ ಮೂಗಿನ ಸ್ಪ್ರೇಯನ್ನು ಚೀಟಿಯೇ ಬೇಡದ ಔಷಧವೆಂದು ಒಪ್ಪಿತು. ಸೆಪ್ಟೆಂಬರ್‌ನಿಂದ ಅದು ಅಂಗಡಿಗಳ ಕಪಾಟಿಗೆ ಬಂತು, ಎರಡು ಸ್ಪ್ರೇಗಳ ಪೆಟ್ಟಿಗೆಗೆ ಆಗ ಸುಮಾರು 45 ಡಾಲರ್. ಹಾಗಾದರೆ ಫಾರ್ಮಸಿಸ್ಟ್ ಕಾನೂನುಗಳು ಹಳತಾದವೇ? ಇಲ್ಲ. ತಾನೇ ಕೊಂಡರೆ ಎಷ್ಟೋ ವಿಮೆಗಳು ಹಣ ಕೊಡುವುದಿಲ್ಲ, ಫಾರ್ಮಸಿಸ್ಟ್ ಮೂಲಕ ದಾಖಲಾಗಿ ಬಂದರೆ ಕೊಡುತ್ತವೆ. ಕೈಯಲ್ಲಿ ಅಷ್ಟು ಹಣ ಇಲ್ಲದವರೇ ಈ ಔಷಧ ಹೆಚ್ಚು ಬೇಕಾದವರು.

ನಮ್ಮ ದೇಶದ ಅತ್ಯಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿ ನಲಾಕ್ಸೋನ್ ಇಂಜೆಕ್ಷನ್ ಇದೆ. ನಾನು ಕೆಲಸ ಮಾಡಿದ ಅಂಗಡಿಯಲ್ಲಿ ಹನ್ನೊಂದು ವರ್ಷದಲ್ಲಿ ಒಂದು ಆಂಪೂಲ್ ಕೂಡ ನಾನು ನೋಡಲಿಲ್ಲ.

ಈ ಔಷಧವನ್ನು ಕಂಡುಹಿಡಿದ ಇಬ್ಬರಲ್ಲಿ ಒಬ್ಬರು ಜ್ಯಾಕ್ ಫಿಶ್‌ಮನ್. 1961ರಲ್ಲಿ ಮೋಸೆಸ್ ಲೆವೆನ್‌ಸ್ಟೈನ್ ಜೊತೆಗೂಡಿ ಪೇಟೆಂಟ್‌ಗೆ ಅರ್ಜಿ ಹಾಕಿದರು. 2003ರಲ್ಲಿ ಅವರ ಮಲಮಗ ಹೆರಾಯಿನ್ ಓವರ್‌ಡೋಸ್‌ನಿಂದ ತೀರಿಕೊಂಡ. ಔಷಧ ಕಂಡುಹಿಡಿದವರ ಮನೆಯವರಿಗೂ ಅದು ಬೇಕಾದ ಗಳಿಗೆಯಲ್ಲಿ ಒದಗಲಿಲ್ಲ.

ಬೆಂಗಳೂರಿನಲ್ಲಿ ನನ್ನೊಂದಿಗೆ ಫಾರ್ಮಸಿ ಓದಿದ ಗೆಳತಿಯೊಬ್ಬಳು ಈಗ ಅಮೆರಿಕದ ಅದೇ ಮೂಲೆಯ ಒಂದು ಊರಿನಲ್ಲಿ ಕೌಂಟರ್ ಹಿಂದೆ ನಿಲ್ಲುತ್ತಾಳೆ. ನಲಾಕ್ಸೋನ್ ಕೇಳುವವರು ಹೇಗೆ ಬರುತ್ತಾರೆ ಎಂದು ಕೇಳಿದ್ದೆ. ನೇರವಾಗಿ ಯಾರೂ ಬರುವುದಿಲ್ಲ ಎಂದಳು. ಟೂತ್‌ಪೇಸ್ಟ್ ಕಪಾಟಿನ ಬಳಿ ಎರಡು ಸುತ್ತು ಹಾಕುತ್ತಾರೆ. ಬೇರೆ ಗಿರಾಕಿ ಹೋಗುವವರೆಗೆ ಕಾಯುತ್ತಾರೆ. ಆಮೇಲೆ ‘ನನ್ನ ಸ್ನೇಹಿತರೊಬ್ಬರಿಗೆ’ ಎಂದು ಮಾತು ಶುರು ಮಾಡುತ್ತಾರೆ. ಅವಳು ಯಾವ ಸ್ನೇಹಿತರು ಎಂದು ಕೇಳುವುದಿಲ್ಲ. ಪೆಟ್ಟಿಗೆ ತೆಗೆದು, ಅವರು ಕೇಳದಿದ್ದರೂ ಹೇಗೆ ಹಿಡಿಯಬೇಕೆಂದು ತೋರಿಸುತ್ತಾಳೆ: ತಲೆ ಹಿಂದಕ್ಕೆ ಬಾಗಿಸಿ, ಒಂದೇ ಮೂಗಿನ ಹೊಳ್ಳೆಗೆ, ಹಿಂದಿನ ಗುಂಡಿಯನ್ನು ಪೂರ್ತಿ ಒತ್ತಿ, ಆಂಬುಲೆನ್ಸ್‌ಗೆ ಕರೆ ಮಾಡಿ, ಎರಡು ಮೂರು ನಿಮಿಷದಲ್ಲಿ ಉಸಿರು ಬರದಿದ್ದರೆ ಇನ್ನೊಂದು. ನೋವಿಗೆ ಒಪಿಯಾಯ್ಡ್ ಮಾತ್ರೆ ಕೊಳ್ಳಲು ಬಂದ ಮುದುಕರಿಗೂ ‘ಮನೆಯಲ್ಲಿ ಇದೂ ಒಂದಿರಲಿ, ಮೊಮ್ಮಕ್ಕಳು ಕೈಹಾಕಿಬಿಡುತ್ತಾರೆ’ ಎಂದು ತಾನಾಗಿ ಹೇಳುತ್ತಾಳಂತೆ. ಕೆಲವರು ಸಿಟ್ಟಾಗುತ್ತಾರೆ. ಕೆಲವರು ಏನೂ ಹೇಳದೆ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ.